ಕಾಕಾನ ಮೂರು ಬಟ್ಟಲು ಬೆಲ್ಲ

ಮಾವಿನಕಾಯಿ ಕಂಡರೆ ಲೋಕಕ್ಕೆಲ್ಲ ಬಾಯಲ್ಲಿ ನೀರು ಬರುತ್ತದೆ. ನಮ್ಮ ಅಪ್ಪನ ತಮ್ಮ ಕಾಕಾನಿಗೆ ಮಾತ್ರ ಲೆಕ್ಕ ಬರುತ್ತಿತ್ತು! ಬರಲಿ, ಬೇಡವೆಂದವರಾರು? ಆದರೆ ಆ ಲೆಕ್ಕವನ್ನು ಹಿರೇಕೆರೂರಿಗೆ ಸೊಸೆಯಾಗಿ ಹೋದ ನನ್ನ ಮಗಳಿಗೂ ಕಟ್ಟಿ ಕಳಿಸಿದ್ದರು: ಬೆಲ್ಲದ ಪಾಕದಲ್ಲಿ ಬೇಯಿಸಿಡುವ ಗುಳಂಬಕ್ಕೆ ಎರಡು ಸೇರು ತೂಕದ ಮಾವಿನಕಾಯಿ, ಮೂರು ಬಟ್ಟಲು ಬೆಲ್ಲದ ಪುಡಿ. ಎರಡು ಬೇಸಿಗೆಯೂ ಅವಳ ಗುಳಂಬ ಹುಳಿತು ನೊರೆಯೆದ್ದಿತು. ಅತ್ತೆ ಅವಳನ್ನು ಒಲೆಯ ಮುಂದಿನಿಂದ ಎಬ್ಬಿಸಿ, "ಹುಡುಗೀ ಕೈಗುಣಾನ ಸರಿ ಇಲ್ಲ" ಎಂದು ಓಣಿಗೆಲ್ಲ ಸಾರಿದರಂತೆ. ಬಸ್ಸು ಹತ್ತುವ ಮೊದಲೇ ಅದು ಉರುಳಿದಂತೆ ಕಂಡು ಹೆದರುವ ಸ್ವಭಾವದ ನನಗೆ ನಿದ್ದೆ ಬಂದೀತೇ?

ಕಾಕಾನಿಗೆ ಹೇಳುವುದಾದರೂ ಹೇಗೆ? ಹಾನಗಲ್ಲ ಸಂತೆಯಲ್ಲಿ ಎರಡು ಸೇರು ಕಾಯಿ ತೂಗಿಸಿಕೊಂಡು, "ಸಿಪ್ಪಿ, ಗೊರಟ ಹೋದ್ರ ಹೋಳು ಎಷ್ಟು ಬಟ್ಟಲಾಗ್ತಾವವಾ?" ಎಂದು ಕೇಳುವವರು!

"ರಾಯರ, ನಾ ಕಾಯಿ ಮಾರಾಕ ಬಂದೇನ್ರಿ, ಸಾಲಿ ಕಲಿಯಾಕಲ್ಲ!" ಎಂದಳು ಮುದುಕಿ. ಸಂತೆಯೇ ನಕ್ಕಿತು. ನಾನು ಪರವೂರಿನವನಂತೆ ಬದನೆಕಾಯಿ ನೋಡುತ್ತ ನಿಂತೆ.

ತಪ್ಪು ಪೂರಾ ಅವರದಲ್ಲ. ಹತ್ತು ಜನ ಮುಟ್ಟಿದ ನೂಲಿನ ಹಗ್ಗದ ತಕ್ಕಡಿ ನಮ್ಮ ಮಡಿ ಅಡುಗೆಮನೆಗೆ ಬರುವಂತಿಲ್ಲ. ಸಂತೆಯಲ್ಲಿ ತೂಕ, ಒಲೆಯ ಮುಂದೆ ಬಟ್ಟಲು. ನಡುವಿನ ಹೊಸ್ತಿಲಲ್ಲಿ, ತೂಕವನ್ನು ಬಟ್ಟಲಿಗೆ ಇಳಿಸುತ್ತ, ಕಾಕಾ!

"ನೆಲ್ಲಿಕಾಯಿ ಇಡೀವೋ, ಹೋಳೋ?" ಎಂದು ಒಮ್ಮೆ ಉಪ್ಪು ಅಳೆಯುವ ಮೊದಲು ಕೇಳಿದರು.

"ಯಾವುದಾದ್ರೇನ್ರಿ ಮಾವಾ, ಉಪ್ಪಿನಕಾಯಿ ಹೌದಲ್ರಿ?" ಎಂದಳು ನನ್ನ ಹೆಂಡತಿ. ಮುಗಿಯಿತು!

"ಇಡೀ ಇದ್ರ ನಡುವ ಗಾಳಿ ಇರ್ತದ! ಗಾಳಿಗೂ ಉಪ್ಪು ಹಾಕ್ತೀಯೇನು?"

ಲೆಕ್ಕ ತಪ್ಪೆಂದರಂತೂ ಕೆಂಡ. ಸವಣೂರಿನ ಒಂದು ಮದುವೆಯಲ್ಲಿ, ಸೀಕರಣೆಗೆ ಮಾವಿನ ಹಣ್ಣು ಸಾಲದು ಎಂದ ಅಡುಗೆಯವನೊಡನೆ ಕೊನೆಯ ಪಂಕ್ತಿ ಏಳುವವರೆಗೂ ವಾದಿಸಿದರು. ಕಡೆಗೆ ಉಳಿದ ಸೀಕರಣೆಯನ್ನು ತಂದು ಅವನ ಮುಂದಿಟ್ಟು ಗೆದ್ದರು. ಉಳಿದದ್ದೇಕೆ? ವಾದದ ಭರದಲ್ಲಿ ತಾವೇ ಉಂಡಿರಲಿಲ್ಲ!

ಇಂಥವರಿಗೆ ಮಗಳ ಸುದ್ದಿ ಹೇಗೋ ಮುಟ್ಟಿತು. "ನನ್ನ ಲೆಕ್ಕ ತಪ್ಪಂತೇನು? ಏಳು, ಹಿರೇಕೆರೂರಿಗೆ ಹೋಗೂಣು!"

ಪೆಟ್ರೋಲು ಸಿಗದ ಯುದ್ಧದ ಕಾಲ, ಇದ್ದಿಲ ಬಸ್ಸು ಹಂಸಭಾವಿಯ ತನಕ ಕೆಮ್ಮಿ ನಿಂತಿತು, ಮುಂದೆ ನಡೆಯುತ್ತ ನಾವೇ ಕೆಮ್ಮಿದೆವು. ಇವರು ಬೀಗರ ಮನೆಯಲ್ಲಿ ಜಗಳ ತೆಗೆದರೆ ಮಗಳ ಗತಿ?

ಪಡಸಾಲೆಯಲ್ಲಿ ಕುಳಿತವರೇ ಕಾಕಾ ತಮ್ಮ ತಂಬಿಗೆ ಮುಂದಿಟ್ಟರು. ನಮ್ಮ ಮನೆಯ ಬಟ್ಟಲಿನಿಂದ ಸರಿಯಾಗಿ ಮೂರು ಹಿಡಿಯುವ ತಂಬಿಗೆ ಅದು. "ಬೆಲ್ಲ ಅಳಿಯೋ ಬಟ್ಟಲದಾಗ ನೀರು ಹಾಕವಾ."

ಮಗಳು ಬಾಗಿಲಲ್ಲಿ ನಿಂತು, ಮುಟ್ಟಿಸದೆ ಮೇಲಿನಿಂದ ಸುರಿದಳು. ಒಂದು, ಎರಡು, ಮೂರು. ತಂಬಿಗೆ ತುಂಬಲಿಲ್ಲ! ನಾಲ್ಕು.

"ಎಂಥಾ ನೀರಡಿಕೀರಿ ಇದು!" ಎಂದು ಅತ್ತೆ ಹೊರಬಂದರು.

ಮತ್ತರ್ಧಕ್ಕೆ ತುಂಬಿತು. ಅವರ ಬಟ್ಟಲೇ ಚಿಕ್ಕದು, ಬೆಲ್ಲ ಕಡಿಮೆ ಬಿದ್ದು ಗುಳಂಬ ಹುಳಿತಿತ್ತು! ಕಾಕಾನ ಮುಖ ಅರಳಿತು. ಇನ್ನು ಸವಣೂರಿನಂತೆಯೇ ವಾದ ಶುರು ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಬೀಗತಿಯವರ," ಕಾಕಾ ಎದ್ದು ಕೈಮುಗಿದರು, "ನನ್ನ ಲೆಕ್ಕಾನ ತಪ್ಪಿತ್ರಿ. ವಯಸ್ಸಾತು ನೋಡ್ರಿ. ಹುಡುಗೀ ಕೈಗುಣದಾಗ ಏನೂ ದೋಷಿಲ್ಲ."

ಅತ್ತೆ ಪೇಚಾಡಿದರು. "ಅಯ್ಯ, ಹಿರೇರು ನೀವು, ಕೈ ಮುಗೀಬ್ಯಾಡ್ರಿ. ನಾಳೆ ಆಕೀನ ಗುಳಂಬ ಮಾಡ್ಲಿ ಬಿಡ್ರಿ" ಎನ್ನುತ್ತ ಒಳಗೆ ಹೋದರು.

ಕಾಕಾ ದನಿ ತಗ್ಗಿಸಿದರು. "ಅವ್ವೀ, ಇಲ್ಲಿ ಮೂರಲ್ಲ, ನಾಲ್ಕೂವರಿ."

ಮಗಳು ಬಟ್ಟಲು ಕೆಳಗಿಟ್ಟಳು. "ಅಜ್ಜಾ, ನಿಮ್ಮ ಲೆಕ್ಕ ತಪ್ಪಿರ್ಲಿಲ್ಲ..."

"ಇರ್ಲಿ ಬಿಡವಾ. ಇನ್ನೊಂದು ಬಟ್ಟಲ ನೀರು ತಾ. ಇದು ಕುಡೀಲಿಕ್ಕ."