ಜಗಳವಿಲ್ಲದೆ ತವರಿಗೆ ನಡೆದದ್ದು

ಹೊಟ್ಟೆಕಿಚ್ಚಿಗೆ ವಯಸ್ಸಾಗುವುದಿಲ್ಲ. ನನ್ನ ಮಂಡಿಗೆ ಆಗಿದೆ, ಕಣ್ಣಿಗೆ ಆಗಿದೆ, ಹಲ್ಲಿನ ವಿಷಯ ಕೇಳಲೇಬೇಡಿ. ಹೊಟ್ಟೆಕಿಚ್ಚು ಮಾತ್ರ ನಾನು ಮದುವೆಯಾಗಿ ಮಟ್ಟುವಿಗೆ ಬಂದ ವರ್ಷ ಹೇಗಿತ್ತೋ ಹಾಗೆಯೇ ಗಟ್ಟಿಮುಟ್ಟಾಗಿದೆ. ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಕುಟ್ಟುತ್ತಿದ್ದೇನೆ. ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತೇ ಮರೆತುಹೋಗುತ್ತದೆ. ಆದರೆ ಹೊಟ್ಟೆಕಿಚ್ಚು ಎನ್ನುವ ಪದವನ್ನು ಮೊದಲ ಸಲಕ್ಕೇ ಸರಿಯಾಗಿ ಹೊಡೆದೆ, ನೋಡಿ.

ಆಗ, ಎಪ್ಪತ್ತರ ದಶಕದ ಕೊನೆಯಲ್ಲಿ, ನನ್ನ ಹೊಟ್ಟೆಕಿಚ್ಚಿಗೆ ಕಾರಣ ನಮ್ಮ ಯಜಮಾನರು. ಅವರು ಶಾಲೆಯ ಮಾಸ್ಟ್ರು. ಬೇಸಗೆ ರಜೆ ಬಂತೆಂದರೆ ಬೆಳಿಗ್ಗೆ ಗಂಜಿ ಉಂಡು, ಪಂಚೆ ಮೇಲೆತ್ತಿ ಕಟ್ಟಿ, ಕೊಡೆಯನ್ನು ಕಂಕುಳಲ್ಲಿಟ್ಟು, ಕಡಲ ಬದಿ ಹಿಡಿದು ಕೈಪುಂಜಾಲು ದಾಟಿ ಕಾಪುವಿನ ದೀಪಸ್ತಂಭದವರೆಗೆ ಒಬ್ಬರೇ ನಡೆಯುವುದು, ಸಂಜೆ ಬಸ್ಸಿನಲ್ಲಿ ವಾಪಸು ಬರುವುದು. ಯಾಕೆ? ಸುಮ್ಮನೆ. ಬಂದು ಚಾವಡಿಯಲ್ಲಿ ಕಾಲು ಚಾಚಿ, "ಎಂತ ಗಾಳಿ ಮಾರಾಯ್ತಿ! ಒಬ್ಬನೇ ನಡೆಯುವ ಸುಖವೇ ಬೇರೆ. ಹೇಳಿದ್ರೆ ನಿನಗೆ ಅರ್ಥ ಆಗುದಿಲ್ಲ" ಎನ್ನುತ್ತಿದ್ದರು. ನಾನು ಕಾಪುವಿನಲ್ಲಿ ಹುಟ್ಟಿ ಬೆಳೆದವಳು. ನನ್ನ ತವರಿನ ಕಡಲನ್ನು ಇವರು ನನಗೇ ವರ್ಣಿಸುವುದು! ಬಿಸಿಲಿಗೆ ಅವರ ಮೂಗಿನ ಸಿಪ್ಪೆ ಸುಲಿದದ್ದಕ್ಕೂ ನನಗೆ ಹೊಟ್ಟೆಕಿಚ್ಚು. ನನ್ನ ಮೂಗೂ ಕೆಂಪಾಗುತ್ತಿತ್ತು, ಆದರೆ ಒಲೆಯ ಬಿಸಿಗೆ. ಒಮ್ಮೆಯಾದರೂ ಒಬ್ಬಳೇ ನಡೆದುಹೋಗಿ, ಅದೇ ಚಾವಡಿಯಲ್ಲಿ ಕಾಲು ಚಾಚಿ, ಕಡಲಿನ ಕತೆ ಹೇಳಿ ಅವರ ಹೊಟ್ಟೆ ಉರಿಸಬೇಕು ಎನ್ನುವುದೊಂದೇ ನನ್ನ ಆಸೆ.

ಮೇ ತಿಂಗಳಲ್ಲಿ ಒಂದು ದಿನ ಅತ್ತೆಯೂ ಇವರೂ ಕಾರ್ಕಳಕ್ಕೆ ಮದುವೆಗೆ ಹೋದರು. ಅಂಗಳದಲ್ಲಿ ಒಣಗುವ ಹಲಸಿನ ಹಪ್ಪಳ ಕಾಯಲು ನಾನು. ಅವರ ಬೆನ್ನು ಮರೆಯಾದದ್ದೇ ಹಪ್ಪಳವನ್ನು ಕಾಗೆಗಳಿಗೆ ಒಪ್ಪಿಸಿ ಹೊರಟೆ. ತಲೆಗೆ ಶಂಕರಪುರ ಮಲ್ಲಿಗೆ, ಕೈಯಲ್ಲೊಂದು ಚೀಲ. ಅಲೆಗೆ ಸೀರೆ ಒದ್ದೆಯಾದರೆ ಇರಲಿ ಎಂದು ಚೀಲದಲ್ಲಿ ಇನ್ನೊಂದು ಸೀರೆ. ಎಲ್ಲ ಎಡವಟ್ಟಾದದ್ದು ಆ ಸೀರೆಯಿಂದ.

ಮರಳಿನಲ್ಲಿ ಮೀನು ಒಣಹಾಕುತ್ತಿದ್ದ ನೆರೆಮನೆಯ ಗಿರಿಜಕ್ಕ ತಲೆ ಎತ್ತಿದಳು.

"ಎಂತ, ಒಬ್ಬಳೇಯಾ? ಬಸ್ಸು ತಪ್ಪಿತಾ?"

"ಇಲ್ಲ ಗಿರಿಜಕ್ಕ. ಸುಮ್ಮನೆ."

"ಸುಮ್ಮನೆಯಾ?" ಅವಳು ಚೀಲದಿಂದ ಇಣುಕುವ ಸೀರೆ ನೋಡಿದಳು, ನಾನು ನಡೆಯುವ ದಿಕ್ಕು ನೋಡಿದಳು. ನಮ್ಮ ಕಡೆ ಮದುವೆಯಾದ ಹೆಂಗಸು ಸುಡುಬಿಸಿಲಿಗೆ ಚೀಲ ಹಿಡಿದು ತವರಿನತ್ತ ನಡೆದರೆ ಅದಕ್ಕಿರುವುದು ಒಂದೇ ಅರ್ಥ. ಕೇಳಿದಾಗ ಸುಮ್ಮನೆ ಎಂದಳೋ, ಆ ಅರ್ಥ ಖಾತ್ರಿ.

"ಯಾರೊಟ್ಟಿಗೆ ಜಗಳ? ಅತ್ತೆಯಾ, ಮಾಸ್ಟ್ರಾ?"

"ಛೆ, ಯಾರೊಟ್ಟಿಗೂ ಇಲ್ಲ!"

"ಇಬ್ಬರೊಟ್ಟಿಗೂ ಆಗಿದೆ ಹಾಗಾದ್ರೆ. ಹೂ ಮುಡಿದು ಹೊರಟದ್ದು ಒಳ್ಳೆದಾಯ್ತು. ಅಳ್ತಾ ಹೋದ್ರೆ ಅವರಿಗೆ ಕೊಬ್ಬು."

ನಾನು ಬೆವರು ಒರೆಸಿಕೊಂಡೆ. ಅವಳ ಕಣ್ಣಿಗೆ ಅದು ಕಣ್ಣೀರು. "ಇಂಥ ಹೊತ್ತಲ್ಲಿ ಒಬ್ಬಳನ್ನೇ ಬಿಡುದಾ?" ಎಂದು ಮೀನು ಬಿಟ್ಟು ಜೊತೆಗೆ ಹೊರಟೇಬಿಟ್ಟಳು. ಅಷ್ಟೇ ಅಲ್ಲ, ಸೈಕಲಿನಲ್ಲಿ ಕಟಪಾಡಿ ಪೇಟೆಗೆ ಹೊರಟಿದ್ದ ತನ್ನ ತಮ್ಮನ ಕಿವಿಯಲ್ಲಿ ಏನೋ ಹೇಳಿ ಬಂದಳು.

ಬಿಸಿಲಿಗೆ ಬಂದವರಿಗೆ ಬೆಲ್ಲ ನೀರು ಕೊಡದೆ ನಮ್ಮಲ್ಲಿ ಯಾರೂ ಕಳುಹಿಸುವುದಿಲ್ಲ. ದಾರಿಯ ಮನೆಮನೆಯ ಜಗಲಿಗೂ ಗಿರಿಜಕ್ಕ ನನ್ನನ್ನು ಹತ್ತಿಸಿದಳು. ಬೆಲ್ಲ, ನೀರು, ಸಮಾಧಾನದ ಮಾತು. ಕೈಪುಂಜಾಲಿನಲ್ಲಿ ಒಬ್ಬರು ಅಜ್ಜಿ ನನ್ನ ಬೆನ್ನು ಸವರಿ, "ಕುಡಿ ಮಗ. ನಾನೂ ಹೀಗೇ ಹೊರಟವಳೇ. ಗಂಡಸರನ್ನು ಆಗಾಗ ಹೆದರಿಸ್ಬೇಕು" ಎಂದು ತಾವೂ ಕೊಡೆ ಬಿಡಿಸಿ ಹೊರಟರು. ಎಡಬದಿಯಲ್ಲಿ ಗಿರಿಜಕ್ಕನ ಅತ್ತೆಯ ಕತೆ, ಬಲಬದಿಯಲ್ಲಿ ಅಜ್ಜಿಯ ಕೊಡೆ, ಕೊಡೆಯ ಆಚೆ ಎಲ್ಲೋ ನನ್ನ ಕಡಲು. ಸಂಜೆಯ ಹೊತ್ತಿಗೆ ಕಾಪು ತಲುಪುವಾಗ ನನ್ನ ಹಿಂದೆ ಒಂದು ದಿಬ್ಬಣವೇ ಇತ್ತು.

ತವರುಮನೆಯ ಜಗಲಿಯಲ್ಲಿ ಯಜಮಾನರು ಕೂತಿದ್ದಾರೆ! ಮದುವೆಯೂಟ ಮುಗಿಸಿ ಕಾರ್ಕಳದಿಂದ ಬಂದು ಕಟಪಾಡಿಯಲ್ಲಿ ಇಳಿದದ್ದೇ ಸೈಕಲಿನ ತಮ್ಮ ಸುದ್ದಿ ಮುಟ್ಟಿಸಿದ್ದ. ಅತ್ತೆಯನ್ನು ಮನೆಗೆ ಕಳುಹಿಸಿ, ಇವರು ಕಾಪುವಿನ ಬಸ್ಸು ಹಿಡಿದಿದ್ದರು. ಒಳಗೆ ಅಮ್ಮನ ಕಣ್ಣು ಕೆಂಪಾಗಿತ್ತು.

"ತಪ್ಪಾಯ್ತು ಮಾರಾಯ್ತಿ," ಎಂದರು ಇವರು.

"ಎಂತದ್ದು?"

"ಗೊತ್ತಿಲ್ಲ. ಆದ್ರೆ ಎಂತದ್ದೋ ಆಗಿರ್ಬೇಕು. ಹಪ್ಪಳಕ್ಕೆ ಉಪ್ಪು ಜಾಸ್ತಿ ಅಂತ ಹೇಳಿದೆನಲ್ಲ, ಅದಾ?"

ಸುಮ್ಮನೆ ನಡೆದೆ ಎನ್ನಲು ಬಾಯಿ ತೆರೆದೆ. ಹಿಂದೆ ನೋಡಿದರೆ, ಇಡೀ ದಿಬ್ಬಣ ಉಸಿರು ಬಿಗಿಹಿಡಿದು ನಿಂತಿದೆ. ಅಷ್ಟು ದೂರ ಬಿಸಿಲಿಗೆ ನಡೆದು ಬಂದವರನ್ನು ಬರಿಗೈಯಲ್ಲಿ ಕಳುಹಿಸುವುದೇ?

"ಹೌದು, ಅದೇ," ಎಂದೆ.

ಬಸ್ಸಿನಲ್ಲಿ ವಾಪಸು ಬಂದೆವು. ಅಂಗಳದಲ್ಲಿ ಒಂದು ಹಪ್ಪಳವೂ ಉಳಿದಿರಲಿಲ್ಲ. ಕಾಗೆಗಳಿಗೆ ಉಪ್ಪು ಜಾಸ್ತಿ ಅನ್ನಿಸಿದ ಹಾಗೆ ಕಾಣಲಿಲ್ಲ. ಚಾವಡಿಯಲ್ಲಿ ಕೂತೆ ನಿಜ, ಆದರೆ ಹೇಳಲು ಕಡಲೇ ಇರಲಿಲ್ಲ. ಮುಂದಿನ ಬೇಸಗೆಯಲ್ಲಿ ಇವರು ಮತ್ತೆ ಹೊರಟಾಗ ದಾರಿಯ ಹೆಂಗಸರೆಲ್ಲ ಮುಖ ತಿರುಗಿಸಿದರಂತೆ, ಬೆಲ್ಲ ನೀರಿಗೂ ಯಾರೂ ಕರೆಯಲಿಲ್ಲವಂತೆ. ಸರಿಯಾಯಿತು ಎಂದು ನಾನು ಖುಷಿಪಡುವಷ್ಟರಲ್ಲಿ, "ಎಂತ ಸುಖ ಮಾರಾಯ್ತಿ! ಈ ಸಲ ಮಾತಾಡಿಸುವವರೇ ಇಲ್ಲ" ಎಂದರು. ನನ್ನ ಹೊಟ್ಟೆಗೆ ಇನ್ನಷ್ಟು ಕಿಚ್ಚು ಬಿತ್ತು.

ಇವತ್ತು ಮಣಿಪಾಲದಲ್ಲಿ ಓದುವ ಮೊಮ್ಮಗಳು ಮನೆಯವರ ಗ್ರೂಪಿಗೆ ಒಂದು ಫೋಟೋ ಹಾಕಿದ್ದಾಳೆ. ಬೆನ್ನಿಗೆ ಬ್ಯಾಗು, ಹಿಂದೆ ಕಾಪುವಿನ ದೀಪಸ್ತಂಭ, ಮೂಗು ಕೆಂಪು. ಮಟ್ಟುವಿನಿಂದ ಒಬ್ಬಳೇ ನಡೆದು ಬಂದಳಂತೆ, ಸುಮ್ಮನೆ. ಯಾರೂ ಏನೂ ಕೇಳಲಿಲ್ಲವಂತೆ. ಎಲ್ಲರೂ ಚಪ್ಪಾಳೆಯ ಚಿತ್ರ ಕಳುಹಿಸುತ್ತಿದ್ದಾರೆ. ಚಂದ ಉಂಟು ಮಗ ಎಂದು ಬರೆಯಲು ನಾನೂ ಕನ್ನಡಕ ಹಾಕಿಕೊಂಡು ಕೂತೆ. ಬೆರಳು ತನ್ನಷ್ಟಕ್ಕೆ ಕುಟ್ಟಿತು: "ಎಂತ, ಒಬ್ಬಳೇಯಾ? ಬಸ್ಸು ತಪ್ಪಿತಾ?"

ಕಳುಹಿಸಿದ್ದನ್ನು ಅಳಿಸುವುದು ಹೇಗೆಂದು ಅವಳು ನನಗೆ ಇನ್ನೂ ಕಲಿಸಿಲ್ಲ. ಕಲಿಸಿದ್ದರೂ ಅಳಿಸುತ್ತಿರಲಿಲ್ಲ.