ಹದಿನೇಳನೆಯ ಪಿನ್ನು

ಯಾರು ಏನು ಕೇಳಿದರೂ "ಆಯ್ತು" ಎನ್ನುತ್ತಿದ್ದುದರಿಂದ ಅವನಿಗೆ ಆಯ್ತಣ್ಣ ಎಂದೇ ಹೆಸರು ಬಿದ್ದಿತ್ತು. ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಪೆಟ್ಟಿಗೆಗಳ ಕಾರ್ಖಾನೆಯಲ್ಲಿ ಒಂಬತ್ತು ವರ್ಷದಿಂದ ಅವನದು ತಾತ್ಕಾಲಿಕ ಕೆಲಸ. ಹೊಸ ಪೆಟ್ಟಿಗೆ ಈ ದಿನ ಸಂಜೆ ಐದರೊಳಗೆ ಸರಿಹೋದರೆ ಕಾಯಂ ಮಾಡುವುದಾಗಿ ಮ್ಯಾನೇಜರು ಹೇಳಿದ್ದರು. "ಇವತ್ತಾದ್ರೂ ಒಂದು ಕಡೆ ನೆಲೆ ನಿಲ್ಲೋ ಹಾಗೆ ಮಾಡ್ಕೊಂಡು ಬನ್ನಿ" ಎಂದು ಹೆಂಡತಿ ಕಳಿಸಿದ್ದಳು.

ಪೆಟ್ಟಿಗೆಯ ರೋಗ ಇಷ್ಟೇ: ಫ್ಯಾನ್ ತಿರುಗಿದರೆ ಶಾಖ ತೋರಿಸುವ ಪರದೆ ಕುರುಡು, ಪರದೆ ಬೆಳಗಿದರೆ ಫ್ಯಾನಿಗೆ ಲಕ್ವ. ಒಳಗಿನ ಎಲೆಕ್ಟ್ರಾನಿಕ್ ಚಿಪ್‌ಗೆ ಜರಿಹುಳುವಿನ ಕಾಲಿನಂತೆ ಅರವತ್ತು ಪಿನ್ನು. ಯಾವ ಪಿನ್ನುಗಳು ಕೂಡಿ ಯಾವ ಕೆಲಸ ಮಾಡಬೇಕೆಂದು ಡ್ರೈವರ್ ಪ್ರೋಗ್ರಾಮಿನಲ್ಲಿ ಗುಂಪು ಕಟ್ಟಿ ಬರೆಯುವವನು ಆಯ್ತಣ್ಣ. ಒಂದು ಪಿನ್ನಿನ ಹೆಸರು ಎರಡು ಗುಂಪಿನಲ್ಲಿದ್ದರೂ ನಡೆದೀತು; ಆದರೆ ಒಂದು ಗುಂಪು ಅದನ್ನು ದುಡಿಮೆಗೆ ಹಿಡಿದರೆ ಇನ್ನೊಂದಕ್ಕೆ ಸಿಕ್ಕದು. ಹದಿನೇಳನೆಯ ಪಿನ್ನನ್ನು ಫ್ಯಾನ್, ಪರದೆ ಎರಡೂ ವಿಭಾಗದವರು ಕೇಳಿದ್ದರು. ಇವನು ಇಬ್ಬರಿಗೂ ಆಯ್ತು ಎಂದಿದ್ದ.

ಫ್ಯಾನ್ ವಿಭಾಗದ ಅಕ್ಕ ಬೆಳಿಗ್ಗೆಯೇ ಬಂದು ಮೇಜಿನ ಮೇಲೆ ಮೊಣಕೈ ಊರಿದಳು. "ಪಿನ್ನು ನಂಗೆ ಬಿಡು. ನಿನ್ನ ನಮ್ಮಲ್ಲೇ ಕಾಯಂ ಮಾಡಿ ಅಂತ ಬರೆದುಕೊಡ್ತೀನಿ."

"ಆಯ್ತು" ಎಂದ. ಪರದೆ ಸತ್ತಿತು. ಪರದೆ ವಿಭಾಗದ ಬೋಳಣ್ಣ ಓಡಿಬಂದು ಅದೇ ಆಸೆ ತೋರಿಸಿದ. ಅದಕ್ಕೂ ಆಯ್ತು. ಫ್ಯಾನ್ ನಿಂತಿತು. ಊಟದ ಡಬ್ಬಿ ತೆರೆಯದೆ ತಣ್ಣಗಾಯಿತು. ಇಬ್ಬರೂ ಇವನ ತಲೆಯ ಮೇಲೇ ಜಗಳವಾಡಿದರು.

ನಾಲ್ಕೂವರೆಗೆ ಆಯ್ತಣ್ಣ ಹದಿನೇಳನ್ನು ಎರಡೂ ಗುಂಪಿನಿಂದ ಕಿತ್ತುಹಾಕಿ, ಇಬ್ಬರಿಗೂ ಒಂದೊಂದು ಖಾಲಿ ಪಿನ್ನು ಕೊಟ್ಟು, ಹೆಬ್ಬೆರಳು ಸುಟ್ಟುಕೊಂಡು ತಂತಿ ಬೆಸೆದ. ಫ್ಯಾನ್ ತಿರುಗಿತು. ಪರದೆ ಬೆಳಗಿತು.

ಮ್ಯಾನೇಜರು ಕೋಣೆಗೆ ಕರೆಸಿ, ಹೇಗೆ ಸರಿಮಾಡಿದಿರಿ ಎಂದು ಕೇಳಿದರು.

"ಒಂದೇ ಪಿನ್ನನ್ನ ಎರಡು ಗುಂಪು ಎಳೀತಿದ್ವು ಸಾರ್. ಎರಡರಿಂದ್ಲೂ ತೆಗೆದುಬಿಟ್ಟೆ. ಅದಿಲ್ದೆನೂ ಕೆಲಸ ನಡೀತಿದೆ."

"ಈಗ ಆ ಪಿನ್ನು?"

"ಸುಮ್ನೆ ನಿಂತಿದೆ ಸಾರ್. ಬೇಕಾದಾಗ ತಗೋಬಹುದು."

ಮ್ಯಾನೇಜರು ಬಹಳ ಹೊತ್ತು ತಲೆದೂಗಿದರು. ಮೇಜಿನ ಮೇಲೆ ಎರಡು ಪತ್ರಗಳಿದ್ದವು, ಒಂದು ಅಕ್ಕನದು, ಒಂದು ಬೋಳಣ್ಣನದು. ಎರಡರಲ್ಲೂ ಆಯ್ತಣ್ಣನನ್ನು ನಮ್ಮಲ್ಲೇ ಕಾಯಂ ಮಾಡಬೇಕು, ಅವನೂ ಒಪ್ಪಿದ್ದಾನೆ ಎಂದಿತ್ತು.

"ಬೆಳಿಗ್ಗೆಯಿಂದ ಇಬ್ಬರೂ ನನ್ನ ತಲೆ ತಿಂದಿದ್ದಾರೆ. ದಾರಿ ನೀವೇ ತೋರಿಸಿದ್ರಿ." ಅವರು ಕೆಂಪು ಪೆನ್ನಿನಿಂದ ಎರಡೂ ಪತ್ರಗಳಲ್ಲಿ ಅವನ ಹೆಸರನ್ನು ಹೊಡೆದುಹಾಕಿದರು. "ನಾಳೆಯಿಂದ ಮನೇಲಿರಿ. ಬೇಕಾದಾಗ ಕರೀತೀವಿ."

ಆಯ್ತಣ್ಣ ಸುಟ್ಟ ಹೆಬ್ಬೆರಳನ್ನು ನೋಡಿಕೊಂಡ. ಹೇಳಬೇಕಾದ ಮಾತು ನೂರಿತ್ತು. ಬಾಯಿ ಮಾತ್ರ ತನಗೆ ರೂಢಿಯಿದ್ದುದನ್ನೇ ಹೇಳಿತು:

"ಆಯ್ತು ಸಾರ್."