ಇತಿಹಾಸ ಕೂಟದ ಎಸಿ ಬಸ್ಸು

ಎಲ್ಲ ಎಡವಟ್ಟಿಗೂ ಮೂಲ ಆ ಒಂದು ಮೆಸೇಜು. ಡೊಂಬಿವಲಿಯ ಕನ್ನಡ ಇತಿಹಾಸ ಕೂಟದ ಕಾರ್ಯದರ್ಶಿ ಜಯಶೀಲ, ಗ್ರೂಪಿನಲ್ಲಿ ಮುಂದಿನ ಕಾರ್ಯಕ್ರಮಗಳ ವಿವರ ಹಾಕುವಾಗ ಹುಮ್ಮಸ್ಸಿನಲ್ಲಿ ಬರೆದುಬಿಟ್ಟ: "ಭಾನುವಾರ ಬೆಳಿಗ್ಗೆ ಶಿಳ್‌ಫಾಟಾದ ಆಚೆಗಿನ ಪುರಾತನ ಮೆಟ್ಟಿಲುಬಾವಿಗೆ ಭೇಟಿ. ಎಸಿ ಬಸ್ಸು, ತಿಂಡಿ ಉಂಟು."

ಅಲ್ಲಿಯವರೆಗೆ ಕೂಟದ ಸಭೆಗೆ ಬರುತ್ತಿದ್ದವರು ಬೆರಳೆಣಿಕೆಯ ಜನ. ಅವರಲ್ಲೂ ಅರ್ಧದಷ್ಟು ಮಂದಿ ಫ್ಯಾನಿನ ಕೆಳಗೆ ಜಾಗ ಹಿಡಿದು ನಿದ್ದೆಗೆ ಜಾರುವವರು. ಆದರೂ ಭಾನುವಾರ ಸಂಜೆಯ ಆ ಸಭೆಗಾಗಿ ಜಯಶೀಲ ವಾರವಿಡೀ ಜೀವ ಹಿಡಿದುಕೊಂಡಿರುತ್ತಿದ್ದ. ವಾಗ್ಳೆ ಎಸ್ಟೇಟ್ ಕೈಗಾರಿಕಾ ಪ್ರದೇಶದ ಆಫೀಸಿನಲ್ಲಿ ಸಾಹೇಬರು ಮಾತಾಡುತ್ತಾರೆ, ಮನೆಯಲ್ಲಿ ಹೆಂಡತಿ ಜಯಲತಾ ಮಾತಾಡುತ್ತಾಳೆ. ಕೂಟದ ಸಭೆ ನಡೆಯುವ ಹಾಲ್‌ನಲ್ಲಿ ಮಾತ್ರ ಮೈಕು ಅವನ ಕೈಯಲ್ಲಿರುತ್ತಿತ್ತು. ಜನ ನಿದ್ದೆ ಮಾಡಿದರೇನು, ಯಾರೂ ಮಧ್ಯೆ ಬಾಯಿ ಹಾಕುತ್ತಿರಲಿಲ್ಲವಲ್ಲ!

ಆ ಹಾಲ್ ಮೇಲೆ ಈಗ ಝುಂಬಾ ಕ್ಲಾಸಿನ ಸಂಜನಾಳ ಕಣ್ಣು ಬಿದ್ದಿತ್ತು. ಕೂಟದ ಅಧ್ಯಕ್ಷ ಶಂಕ್ರೆಪ್ಪನವರು ವಿಜಯಪುರದ ಕಡೆಯ ಖಡಕ್ ಮನುಷ್ಯ. ಮುಖಕ್ಕೇ ಹೇಳಿದ್ದರು: "ನೋಡ್ರಿ ಜಯಶೀಲ, ಈ ಟ್ರಿಪ್ ಏನರ ಕೆಟ್ಟಿತು ಅಂದ್ರ ಕೂಟಕ್ಕ ಬೀಗ ಹಾಕೂದು. ಹಾಲ್ ಝುಂಬಾದವ್ರಿಗೆ ಕೊಟ್ಟುಬಿಡೂದು."

ಮಂದಿ ಬಂದರು. ಬಾರದೆ ಏನು, ಎಸಿ ಬಸ್ಸು ಅಂದಮೇಲೆ! ಸಭೆಯಲ್ಲಿ ಒಮ್ಮೆಯೂ ಮುಖ ತೋರಿಸದ ಇತಿಹಾಸಪ್ರಿಯರೆಲ್ಲ ಟೋಪಿ, ತಂಪು ಕನ್ನಡಕ ಹಾಕಿಕೊಂಡು ಸ್ಟೇಷನ್ನಿನ ಹೊರಗೆ ನೆರೆದರು. ಬಾರದೇ ಇದ್ದದ್ದು ಬಸ್ಸು ಮಾತ್ರ. ಬಸ್ಸು ಕಳಿಸಬೇಕಾಗಿದ್ದ ಬೂಬನಿಗೆ ಫೋನು ಮಾಡಿದರೆ, "ಮಾರಾಯ್ರೆ, ಬಸ್ಸು ವಾಶಿಗೆ ಮದುವೆ ದಿಬ್ಬಣಕ್ಕೆ ಹೋಯ್ತು. ನಾಳೆ ಬೇಕಾದ್ರೆ ಕಳಿಸ್ತೇನೆ," ಎಂದ.

"ಎಲ್ಲೈತ್ರಿ ನಿಮ್ಮ ಬಸ್ಸು?" ಶಂಕ್ರೆಪ್ಪನವರು ವಾಚು ನೋಡಿಕೊಂಡರು.

"ಈಗ ಬಂತು ಸರ್, ಸಿಗ್ನಲ್ ಹತ್ರ ಉಂಟು." ಜಯಶೀಲ ಇಲ್ಲದ ಬಸ್ಸಿನತ್ತ ಕೈ ತೋರಿಸಿದ.

ಅಷ್ಟರಲ್ಲಿ ಬಂದೇಬಿಟ್ಟಿತು! ಪಳಪಳ ಹೊಳೆಯುವ ಬಿಳಿ ಎಸಿ ಬಸ್ಸು ಅವರ ಮುಂದೆಯೇ ನಿಂತಿತು. ಕೂಟದ ಹಿರಿಯ ಸದಸ್ಯೆ ಶ್ರೀವಾಣಿ ಟೀಚರು ಹಿಂದೆಮುಂದೆ ನೋಡದೆ ಹತ್ತಿ ಕಿಟಕಿ ಪಕ್ಕದ ಸೀಟು ಹಿಡಿದರು. ಉಳಿದವರಿಗೂ ಲೋಕಲ್ ಟ್ರೇನಿನ ಅಭ್ಯಾಸ ನೋಡಿ, ಕಣ್ಣುಮುಚ್ಚಿ ತೆರೆಯುವುದರೊಳಗೆ ಬಸ್ಸು ಭರ್ತಿ.

ಟೈ ಕಟ್ಟಿದ ಹುಡುಗನೊಬ್ಬ ಬಂದು ಜಯಶೀಲನ ಕೈ ಕುಲುಕಿದ. "ವೆಲ್ಕಮ್ ಸರ್, ಮೈ ರಿತೇಶ್. ಸೈಟ್ ವಿಸಿಟ್ ಕೇಲಿಯೆ ಇತನಾ ಬಡಾ ಗ್ರೂಪ್?"

ಜಯಶೀಲನಿಗೆ ಆಗ ಹೊಳೆಯಿತು. ಇದು ಫ್ಲ್ಯಾಟು ತೋರಿಸಲಿಕ್ಕೆ ಬಿಲ್ಡರು ಕಳಿಸುವ ಪುಕ್ಕಟೆ ಬಸ್ಸು! ಎಲ್ಲರನ್ನೂ ಕೆಳಗಿಳಿಸಲು ಬಾಯಿ ತೆರೆದ. ಆಗಲೇ ಶಂಕ್ರೆಪ್ಪನವರು ಬೆನ್ನು ಚಪ್ಪರಿಸಿದರು. "ಭೇಷ್ ಜಯಶೀಲ! ಮಾಡಿದ್ರ ಹಿಂಗ ಮಾಡಬೇಕು ನೋಡ್ರಿ!" ತೆರೆದ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಸೈಟು ಎಲ್ಲಿ ಎಂದು ರಿತೇಶನನ್ನು ಮೆಲ್ಲನೆ ಕೇಳಿದ. ಶಿಳ್‌ಫಾಟಾದ ಆಚೆಯಂತೆ. ದೇವರು ದೊಡ್ಡವನು, ಬಾವಿಯೂ ಆ ಕಡೆಯೇ! ಫ್ಲ್ಯಾಟು ನೋಡಿದ ಮೇಲೆ ಮೆಟ್ಟಿಲುಬಾವಿಯ ಹತ್ತಿರ ಒಯ್ದರೆ ಸಾಕು, ಇವರೆಲ್ಲ ಬುಕ್ಕಿಂಗ್ ಮಾಡುವವರೇ ಎಂದು ಹಿಂದಿಯಲ್ಲಿ ಒಂದು ರೈಲು ಬಿಟ್ಟ. ರಿತೇಶ್ ಖುಷಿಯಾಗಿ ಎಲ್ಲರಿಗೂ ಶೀರಾ, ಉಪ್ಮಾ ಹಂಚಿಸಿದ. ಜಯಶೀಲ ಬಾವಿಯ ಚರಿತ್ರೆ ಹೇಳೋಣವೆಂದು ಎದ್ದಾಗಲೆಲ್ಲ ರಿತೇಶ್ ಮೈಕು ಹಿಡಿದು ಮಾಡ್ಯುಲರ್ ಕಿಚನ್ನಿನ ಚರಿತ್ರೆ ಶುರು ಮಾಡುತ್ತಿದ್ದ. ಆಶ್ಚರ್ಯವೆಂದರೆ, ಕೂಟದವರು ಒಬ್ಬರೂ ನಿದ್ದೆ ಮಾಡಲಿಲ್ಲ.

ಸೈಟಿನಲ್ಲಿ ಎಲ್ಲರೂ ಸ್ಯಾಂಪಲ್ ಫ್ಲ್ಯಾಟಿಗೆ ಮುಗಿಬಿದ್ದರು. ಶ್ರೀವಾಣಿ ಟೀಚರು ಪ್ರತಿಯೊಂದು ನಲ್ಲಿಯನ್ನೂ ತಿರುಗಿಸಿ ನೋಡಿದರು. ಒಬ್ಬರು ಹಾಸಿಗೆಯ ಮೇಲೆ ಉರುಳಿ ಫೋಟೊ ತೆಗೆಸಿಕೊಂಡರು. ಯಾವ ಕಾಲದ್ದು ಎಂದು ಯಾರೂ ಕೇಳಲಿಲ್ಲ, ಕೀಲಿ ಕೊಟ್ಟು ಪೊಸೆಶನ್ ಕೊಡುವುದು ಯಾವಾಗ ಎಂದು ಎಲ್ಲರೂ ಕೇಳಿದರು.

"ಟೀಚರ್, ಬಾವಿಗೆ ಹೊರಡುವನಾ?" ಜಯಶೀಲ ಅಂಗಲಾಚಿದ.

"ಇರು ಮಾರಾಯ, ಬಾಲ್ಕನಿ ನೋಡ್ಲಿಕ್ಕೆ ಬಾಕಿ ಉಂಟು. ಬಾವಿ ಎಲ್ಲಿಗೆ ಓಡಿ ಹೋಗ್ತದೆ?"

ಕೊನೆಗೆ ಜಯಶೀಲ ರಿತೇಶನನ್ನೇ ಹಿಡಿದು, ಬಾವಿ ಎಲ್ಲಿ ಎಂದು ಕೇಳಿದ. ರಿತೇಶ್ ಹೆಮ್ಮೆಯಿಂದ ನೀಲಿ ಟೈಲ್ಸಿನ ಈಜುಕೊಳದತ್ತ ಕೈ ತೋರಿಸಿದ. "ಯಹೀ ಥಾ ಸರ್. ಅಭೀ ಸ್ವಿಮಿಂಗ್ ಪೂಲ್!"

ಜಯಶೀಲ ಕೊಳದ ಅಂಚಿಗೆ ಓಡಿದ. "ಅನ್ಯಾಯ! ನಮ್ಮ ಬಾವಿಯನ್ನೇ ಮುಚ್ಚಿಬಿಟ್ಟಿದ್ದಾರೆ ಇವರು!" ಎಂದು ಕೂಗಿದ.

ಶ್ರೀವಾಣಿ ಟೀಚರು ಬಗ್ಗಿ ನೀರು ನೋಡಿದರು. "ಮುಚ್ಚಿದ್ದು ಎಂತದು? ಪಾಪ, ಎಷ್ಟು ಚಂದ ಕ್ಲೀನ್ ಮಾಡಿ ಇಟ್ಟಿದ್ದಾರೆ! ಮೆಟ್ಟಿಲು ಸಮೇತ ಉಂಟಲ್ಲ!"

ಎಲ್ಲರಿಗೂ ಹೌದೆನಿಸಿತು. ಕೊಳದ ಮೆಟ್ಟಿಲ ಮೇಲೆ ಒತ್ತಿಕೊಂಡು ಕೂತು ಗ್ರೂಪ್ ಫೋಟೊ ಹೊಡೆಸಿಕೊಂಡರು. ಬೇಡ ಬೇಡವೆಂದರೂ ಜಯಶೀಲನನ್ನು ಎಳೆದು ನಡುವೆ ಕೂರಿಸಿದರು.

ವಾಪಸು ಬರುವಾಗ ಶಂಕ್ರೆಪ್ಪನವರು ಎದ್ದು ನಿಂತರು. "ಇಷ್ಟು ವರ್ಷದಾಗ ಇಂಥಾ ಕಾರ್ಯಕ್ರಮ ಆಗಿದ್ದಿಲ್ಲ. ಇನ್ನ ಕೂಟಕ್ಕ ಬೀಗ ಹಾಕೂ ಮಾತೇ ಇಲ್ಲ!"

ಜಯಶೀಲನಿಗೆ ಹೋದ ಜೀವ ಬಂದಂತಾಯಿತು. ಬಾವಿ ಹೋದರೆ ಹೋಗಲಿ, ಹಾಲ್ ಉಳಿಯಿತಲ್ಲ! ಭಾನುವಾರದ ತನ್ನ ಮೈಕು ಉಳಿಯಿತಲ್ಲ!

"ಮುಂದಿನ ತಿಂಗಳ ಪನವೇಲ್ ಸೈಟು, ಅದರ ಮುಂದ ಬದಲಾಪುರ," ಎಂದು ಅಧ್ಯಕ್ಷರು ಮುಂದುವರಿಸಿದರು. "ರಿತೇಶನ ಕಡೆ ಮಾತಾಡೀನಿ, ಬಸ್ಸು, ನಾಷ್ಟಾ ಎಲ್ಲಾ ಅವರದ. ಹಿಂಗ ಎಸಿಯೊಳಗ ತಿರುಗೂದು ಇದ್ದಮ್ಯಾಲ ಆ ಧಗಿ ಹಾಲ್ ನಮಗ್ಯಾಕ ಬೇಕ್ರಿ? ಈಗಷ್ಟೇ ಸಂಜನಾಗ ಫೋನ್ ಹಚ್ಚಿ ಹೇಳೀನಿ, ಹಾಲ್ ತಗೊಳ್ಳವ್ವಾ ಅಂತ."

"ಸರ್... ಮತ್ತೆ ನನ್ನ ಉಪನ್ಯಾಸ?"

"ಅದನ್ನೆಲ್ಲ ಈ ರಿತೇಶ ಮಾತಾಡ್ತಾನ. ನೀವು ಮಂದಿ ಎಣಿಸಿ ಬಸ್ ಹತ್ತಸ್ರಿ, ಸಾಕು. ಮತ್ತ ಮುಂದಿನ ಸಲ ಇವಗ ಸನ್ಮಾನ ಇಟ್ಟೀವಿ. ಬರೂಮುಂದ ಒಂದು ಛಲೋ ಶಾಲು ತರೂದು ಮರೀಬ್ಯಾಡ್ರಿ."

ಬಸ್ಸಿಡೀ ಚಪ್ಪಾಳೆ ಹೊಡೆಯಿತು. ಜಯಶೀಲನೂ ಹೊಡೆದ. ಹೊಡೆಯದೆ ಇನ್ನೇನು ಮಾಡಿಯಾನು!